ಮಾರ್ಚ್ ತಿಂಗಳ ಹಾಳೆ

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು, ಊರಿನ ಹೆಸರಿನ ಸಮೇತ ಅಚ್ಚು ಹಾಕಿಸಿ ಮನೆಮನೆಗೂ ಹಂಚಿದವನು ನಾನೇ. ಆಗಿದ್ದು ಸಾಕು.

ಹೋದ ತಿಂಗಳು ಅವಳ ಮಗಳು ಫೋನ್ ಮಾಡಿದಳು. ರಾಬರ್ಟ್‌ಸನ್‌ಪೇಟೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಪಿಂಚಣಿ ಅರ್ಜಿ ತುಂಬುತ್ತಾ ಕೂತಿದ್ದೆ. ಆರು ವರ್ಷದಿಂದ ಆ ಮನೆಯವರು ನನ್ನ ಜೊತೆ ಮಾತಾಡಿರಲಿಲ್ಲ. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂಬ ಮಾತಿಲ್ಲ.

"ಅಮ್ಮ ತೀರ್ಕೊಂಡ್ಲು ಸಾರ್. ಬರೋ ಸೋಮವಾರ ತಿಥಿ. ಗೋಡೆಗೆ ಆಕೋಕೆ ಒಂದ್ ಫೋಟೋ ಬೇಕು. ಆಧಾರ್ ಕಾರ್ಡಿಂದು ಮಸಿ ಮೆತ್ತಿದಂಗೈತೆ. ನೀವು ತೆಗ್ದಿದ್ರಲ್ಲ, ಅದಾದ್ಮೇಲೆ ಅವ್ಳು ಯಾರ್ ಮುಂದೇನೂ ನಿಂತಿಲ್ಲ. ನಿಮ್ಮತ್ರ ಆ ಹಾಳೆ ಇದ್ದೇ ಇರ್ತದೆ ಅಂತ ಅಮ್ಮ ಅಂತಿದ್ಲು."

"ಯಾವ ಹಾಳೆ?" ಎಂದೆ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೇಳುವ ಚಟ ನನಗೆ ಮೊದಲಿನಿಂದಲೂ ಇದೆ.

"ಮಾರ್ಚ್ ತಿಂಗಳದ್ದು," ಎಂದು ಫೋನ್ ಇಟ್ಟಳು.

ಆಗ ನಾನು ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಓಡಾಡುವ ಒಂದು ಸಂಸ್ಥೆಯಲ್ಲಿದ್ದೆ. ತೀರಾ ಗತಿಯಿಲ್ಲದ ಹೆಂಗಸರನ್ನು ಹುಡುಕಿ, ಅವರು ತಮ್ಮ ಕಾಲ ಮೇಲೆ ನಿಲ್ಲುವಂಥ ಒಂದು ಕಸುಬು ಹಿಡಿಸಿಕೊಡುವುದು ನಮ್ಮ ಕೆಲಸ. ಹುಡುಕುವುದಕ್ಕೂ ಒಂದು ಕ್ರಮವಿತ್ತು. ಊರ ನಡುವೆ ಹೆಂಗಸರನ್ನು ಕೂರಿಸಿ, ರಂಗೋಲಿ ಪುಡಿಯಲ್ಲಿ ಇಡೀ ಊರನ್ನು ನೆಲದ ಮೇಲೆ ಬರೆಸುತ್ತಿದ್ದೆವು. ಆಮೇಲೆ ಒಂದೊಂದು ಮನೆಯ ಮೇಲೂ ಅವರಿಂದಲೇ ಕಲ್ಲಿಡಿಸುವುದು. ಒಂದು ಕಲ್ಲಿದ್ದರೆ ಉಳ್ಳವರು, ನಾಲ್ಕು ಕಲ್ಲಿದ್ದರೆ ಏನೂ ಇಲ್ಲದವರು. ನಾಲ್ಕು ಕಲ್ಲಿನವರ ಹೆಸರನ್ನು ನಾನು ಪಟ್ಟಿಗೆ ಏರಿಸಿಕೊಳ್ಳುತ್ತಿದ್ದೆ.

ಅವಳ ಊರಿನಲ್ಲಿ ಕಲ್ಲಿಡುವುದೆಲ್ಲ ಮುಗಿದು ನಾನು ಪುಸ್ತಕ ಮಡಚುತ್ತಿದ್ದಾಗ ಬೆನ್ನ ಹಿಂದೆ 'ಕಟಕ್' ಎಂದು ಸದ್ದಾಯಿತು. ಒಬ್ಬ ಹೆಂಗಸು ಸೊಂಟಕ್ಕೆ ಮೊರ ಒತ್ತಿಕೊಂಡು ನಿಂತಿದ್ದಳು. ಬೆರಳುಗಳು ಹುಳಿ ತಿಂದು ಕರ್ರಗೆ ಬಿರಿದಿದ್ದವು. ದವಡೆಯಲ್ಲೊಂದು ಹುರಿದ ಹುಣಸೆ ಬೀಜ. ಸಿಟ್ಟು ಬಂದಾಗ ಅದನ್ನು ಹಲ್ಲಿಗೆ ಬಡಿದು ಸದ್ದು ಮಾಡುವುದು ಅವಳ ರೂಢಿ ಎಂದು ಆಮೇಲೆ ಕಲಿತೆ.

"ಎಲ್ಲಾರ್ ಮನೇನೂ ಬರ್ದೀರಾ. ನಂದೆಲ್ಲಿ?"

ಕೂತಿದ್ದ ಹೆಂಗಸರು ಮುಸಿಮುಸಿ ನಕ್ಕರು. ನಿಮ್ಮ ಮನೆ ಯಾವುದಮ್ಮ ಎಂದೆ.

"ಅಗೋ, ಆ ದೊಡ್ಡ ಮನೆ ಇಂದ್ಗಡೆ ಕೊಟ್ಟಿಗೆ ಬರ್ದು ನಾಲ್ಕು ಎತ್ತು ಅಂತ ತೋರ್ಸವ್ರಲ್ಲಾ. ಎತ್ತು ಇರೋದು ಮೂರೇ ಕಣಪ್ಪಾ. ನಾಲ್ಕನೇದು ನಾನು."

ನಿಜವೇ ಆಗಿತ್ತು. ಗಂಡ ಕುಪ್ಪಂ ಕಡೆ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಅವಳೂ ಮಗಳೂ ಆ ಕೊಟ್ಟಿಗೆಯ ಮೂಲೆಯಲ್ಲಿ, ದನಗಳ ಪಕ್ಕದಲ್ಲಿ ಮಲಗುತ್ತಿದ್ದರು. ಹಗಲೆಲ್ಲ ವ್ಯಾಪಾರಿಯೊಬ್ಬನಿಗೆ ಹುಣಸೆಹಣ್ಣು ಬಡಿದು ಬೀಜ ತೆಗೆದುಕೊಡುವ ಕೂಲಿ. ಊರಿನವರು ದಿನವೂ ನೋಡುವ ಹೆಂಗಸು ಊರಿನ ನಕ್ಷೆಯಲ್ಲಿ ಇರಲಿಲ್ಲ. ನನಗೆ ನಾಚಿಕೆಯಾಯಿತು. ಆಗಿನ್ನೂ ನನಗೆ ನಾಚಿಕೆ ಆಗುತ್ತಿತ್ತು.

ನಮ್ಮ ಪಟ್ಟಿಯಲ್ಲಿ ಕೊಡಲು ಇದ್ದದ್ದು ಮೂರೇ: ಮೇಕೆ, ಹೊಲಿಗೆ ಯಂತ್ರ, ಪೆಟ್ಟಿಗೆ ಅಂಗಡಿ. ಅವಳು ಮೂರಕ್ಕೂ ಮೂತಿ ತಿರುವಿದಳು.

"ಮೇಕೆಗೆ ಕಾಯಿಲೆ ಬತ್ತದೆ, ಕಳ್ಳ ಬತ್ತಾನೆ, ಪಕ್ಕದ ಮನೆಯೋಳು ಜಗಳಕ್ಕೆ ಬತ್ತಾಳೆ. ನಂಗೆ ಮರ ಕೊಡ್ಸು ನಾಯ್ನಾ."

ನಾಯ್ನಾ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ತೆಲುಗಿನವರು ಅಪ್ಪನಿಗೂ ಹಾಗೆನ್ನುತ್ತಾರೆ, ಮುದ್ದು ಬಂದರೆ ಮಗನಿಗೂ ಹಾಗೆನ್ನುತ್ತಾರೆ. ಅವಳು ಬೈಯುವಾಗಲೂ ಹಾಗೇ ಕರೆಯುತ್ತಿದ್ದಳು.

"ಮರ ಮೇಯಲ್ಲ, ಈಯಲ್ಲ. ಯಾವೋನೂ ಎಗಲ ಮೇಲೆ ಆಕ್ಕೊಂಡು ಓಗಲ್ಲ. ಕೆರೆ ಕಟ್ಟೆ ಮ್ಯಾಲಿನ ಉಣಸೆ ಮರ ಮೂರು ವರ್ಸ ಗುತ್ತಿಗೆ ಇಡ್ಸಿಕೊಡು. ಬೀಜ ತೆಗ್ಯೋದು ನಂಗೆ ಯಾವೋನೂ ಏಳ್ಕೊಡ್ಬೇಕಾಗಿಲ್ಲ."

ನಮ್ಮ ದೊಡ್ಡ ಸಾರ್ ಒಪ್ಪಲಿಲ್ಲ. "ಮೇಕೆ ಕೊಟ್ಟರೆ ಮೇಕೆ ತೋರಿಸಬಹುದು. ಕೆರೆಕಟ್ಟೆಯ ಮರ ತೋರಿಸಿ ಇದು ನಾವು ಕೊಟ್ಟದ್ದು ಅಂದರೆ ಯಾರ್ರೀ ನಂಬ್ತಾರೆ?" ಎಂದರು. ಮೂರು ವಾರ ಅವರ ಬೆನ್ನು ಹತ್ತಿ ನಾನು ಒಪ್ಪಿಸಿದೆ. ಇದೊಂದನ್ನು ಮಾತ್ರ ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಬೇರೆ ಹೇಳಿಕೊಳ್ಳುವಂಥದ್ದು ಇಲ್ಲ.

ಮರದ ಕೆಳಗೆ ಅವಳನ್ನು ನೋಡಬೇಕಿತ್ತು! ಮೇಲೆ ಹತ್ತಿದ ಆಳುಗಳು ಕೊಂಬೆ ಅಲ್ಲಾಡಿಸಿದರೆ ಕೆಳಗಿನಿಂದ ಬೈಗುಳದಲ್ಲೇ ದಾರಿ ತೋರಿಸುವಳು. "ಲೇ, ಎಡಗಡೆ ಕೊಂಬೆ ನಿಮ್ಮತ್ತೆ ಮನೇದಾ? ಅದ್ನೂ ಅಲ್ಲಾಡ್ಸ್ಲಾ!" ಮಗಳು ಒಂದು ಹಣ್ಣನ್ನು ಮಣ್ಣು ಸಮೇತ ಗುಡ್ಡೆಗೆ ಹಾಕಿದರೆ ಇಡೀ ಗುಡ್ಡೆಯನ್ನು ಚೆಲ್ಲಿ ಮತ್ತೆ ಆರಿಸುವಳು. ಕರುಣೆ ಎಂಬುದು ಅವಳ ಹತ್ತಿರ ಇರಲೇ ಇಲ್ಲ ಅನ್ನಿಸುತ್ತಿತ್ತು. ಎರಡನೇ ವರ್ಷ ತನ್ನಂತೆಯೇ ದಿಕ್ಕಿಲ್ಲದ ಇಬ್ಬರು ಹೆಂಗಸರನ್ನು ಜೊತೆಗೆ ಸೇರಿಸಿಕೊಂಡಳು. ಅವರಲ್ಲೊಬ್ಬಳು ಗಂಡನ ಹೊಡೆತ ನೆನೆಸಿಕೊಂಡು ಅಳುತ್ತಾ ಬೀಜ ಬಿಡಿಸುತ್ತಿದ್ದಳು. ಇವಳು ಮೊರ ಕಸಿದುಕೊಂಡಳು.

"ಅಳೋದಿದ್ರೆ ಅತ್ಲಾಗ್ ಓಗಿ ಅಳು. ಅಣ್ಣು ನೆನೀತದೆ."

ಆ ಹೆಂಗಸು ಕಣ್ಣೊರೆಸಿಕೊಂಡು ಬಂದು ಕೂತಳು. ಆ ದಿನ ಸಂಜೆ ಅವಳನ್ನು ಮನೆಗೆ ಕಳಿಸದೆ ತನ್ನ ಜೊತೆಯಲ್ಲೇ ಇಟ್ಟುಕೊಂಡದ್ದೂ ಇವಳೇ.

ಬಂಗಾರಪೇಟೆಯ ಚಾಟ್ ಗಾಡಿಯವನೊಬ್ಬ ಒಂದು ಸಲ ಹುಳಿ ಉಂಡೆಯನ್ನು ಹಿಸುಕಿ, ಇದರಲ್ಲಿ ಬೀಜ ಇದೆ ಎಂದು ತಗಾದೆ ತೆಗೆದ. ಅವನ ಗಿರಾಕಿಗಳೆಲ್ಲ ಪಾನಿಪೂರಿ ಹಿಡಿದು ನಿಂತಿದ್ದರು. "ಬೀಜ ಸಿಕ್ಕಿದ್ರೆ ಇಷ್ಟೂ ಅಣ್ಣು ಪುಗ್ಸಟ್ಟೆ ಮಡೀಕೊ. ಸಿಕ್ದಿದ್ರೆ ಆ ಉಂಡೆ ನೀನು ತಿನ್ನು," ಎಂದಳು. ಅವನು ಹುಡುಕಿದ. ಸಿಗಲಿಲ್ಲ. ನಗುತ್ತಾ ಬಿಟ್ಟುಬಿಡುತ್ತಾಳೆ ಅಂದುಕೊಂಡ. ಇವಳು ಬಿಡಲಿಲ್ಲ. ಅಷ್ಟು ದೊಡ್ಡ ಉಂಡೆಯನ್ನು ಅವನು ಕಣ್ಣಲ್ಲಿ ನೀರು ಸುರಿಸಿಕೊಂಡು ತಿನ್ನುವವರೆಗೂ ಗಾಡಿಯ ಮುಂದೆ ಕಂಬದಂತೆ ನಿಂತಿದ್ದಳು. ಆಮೇಲಿಂದ ಅವನು ಇವಳ ಹಣ್ಣನ್ನೇ ಕೊಳ್ಳುತ್ತಿದ್ದ.

ಮೂರು ವರ್ಷದಲ್ಲಿ ಕೊಟ್ಟಿಗೆ ಬಿಟ್ಟು ಒಂದು ಕೋಣೆಯ ಮನೆ ಕಟ್ಟಿಕೊಂಡಳು. ತಗಡಿನ ಮಾಡು, ಸಿಮೆಂಟು ನೆಲ. ಕಿವಿಗೆ ಓಲೆ ಬಂತು. ಮಗಳಿಗೆ ಹತ್ತೊಂಬತ್ತಾಗಿತ್ತು, ಗಂಡು ನೋಡಲು ಶುರುಮಾಡಿದಳು.

ಸಂಸ್ಥೆಗೆ ದುಡ್ಡು ಕೊಡುವ ದೂರದವರಿಗೆ ಕಳಿಸಲೆಂದು ಆ ವರ್ಷವೇ ದೊಡ್ಡ ಸಾರ್‌ಗೆ ಕ್ಯಾಲೆಂಡರಿನ ಯೋಚನೆ ಬಂದದ್ದು. ತಿಂಗಳಿಗೊಬ್ಬ ಹೆಂಗಸು. ಎಡಕ್ಕೆ 'ಅಂದು', ಬಲಕ್ಕೆ 'ಇಂದು'. ಉಳಿದ ಹನ್ನೊಂದು ಜನರ ಹಳೆಯ ಫೋಟೋ ಕಡತದಲ್ಲಿತ್ತು. ಇವಳದು ಮರದ ಕೆಳಗೆ ದೂರದಿಂದ ತೆಗೆದ, ಮುಖ ಕಾಣದ 'ಇಂದು' ಮಾತ್ರ ಇತ್ತು, 'ಅಂದು' ಇರಲಿಲ್ಲ. ನಕ್ಷೆಯಲ್ಲೇ ಇಲ್ಲದವಳ ಫೋಟೋ ಯಾರು ತೆಗೆದಿರುತ್ತಾರೆ?

"ಹೋಗಿ ತೆಗೆದುಕೊಂಡು ಬಾ," ಎಂದರು.

"ಏನನ್ನು ಸಾರ್?"

"ಅಂದು."

ನಾನು ಹೋದೆ. ಕೈಬೀಸಿಕೊಂಡು ಹೋದದ್ದಲ್ಲ. ನಮ್ಮಮ್ಮ ನೆಲ ಒರೆಸಲು ಇಟ್ಟಿದ್ದ ಹಳೇ ಸೀರೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಓಲೆ ಬಿಚ್ಚಿ, ತಲೆ ಕೆದರಿಕೊಂಡು, ಇದನ್ನು ಉಟ್ಟು ಆ ಕೊಟ್ಟಿಗೆಯ ಮುಂದೆ ಐದು ನಿಮಿಷ ಕೂತುಕೊಳ್ಳಬೇಕು ಎಂದೆ. ಅವಳು ಸೀರೆಯನ್ನು ಬಿಡಿಸಿ, ತೂತಿನಲ್ಲಿ ಕೈ ತೂರಿಸಿ ನೋಡಿದಳು.

"ಕೊಟ್ಟಿಗೇಲಿದ್ದಾಗ್ಲೂ ನಾನು ಅರಕು ಉಟ್ಟೋಳಲ್ಲ ಕಣ್ ನಾಯ್ನಾ. ತ್ಯಾಪೆ ಆಕ್ಕೊಂಡು ಉಡ್ತಿದ್ದೆ. ಸೂಜಿ ಇತ್ತು ನಮ್ಮತ್ರ."

"ಫೋಟೋಗೆ ಅಷ್ಟೇ ಅಮ್ಮ. ಇದು ದೂರದವರಿಗೆ. ನಮ್ಮ ಕಡೆ ಯಾರೂ ನೋಡಲ್ಲ." ನಾನು ನನ್ನ ಕೊನೆಯ ಬಾಣ ಬಿಟ್ಟೆ. "ನೀವು ಕೂತರೆ ಆ ಇಬ್ಬರು ಹೆಂಗಸರಿಗೂ ಮರ ಮಂಜೂರಾಗುತ್ತೆ."

"ಕೂತ್ರೆ ಮಾತ್ರಾನಾ?"

ನಾನು ನೆಲ ನೋಡಿದೆ. ಅವಳು ಎದ್ದು ಒಳಗೆ ಹೋಗಿ ಉಟ್ಟುಕೊಂಡು ಬಂದಳು. ಕೊಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ದವಡೆಯಲ್ಲಿ ಬೀಜ ಹಾಗೇ ಇತ್ತು. ನಾನು ಮೊಬೈಲು ಎತ್ತಿ ಹಿಡಿದು, "ಸ್ವಲ್ಪ ದುಃಖ ಆದ ಹಾಗೆ ನೋಡಿ," ಎಂದೆ.

ಅವಳು ನನ್ನನ್ನು ನೋಡಿದಳು. ತೆಗೆದುಕೊಂಡೆ.

ವಾರ ಕಳೆದ ಮೇಲೆ ಆ ಸೀರೆ ಒಗೆದು ಮಡಚಿ ವಾಪಸು ಬಂತು. ಒಂದೊಂದು ತೂತಿಗೂ ತೇಪೆ, ಇರುವೆ ಸಾಲಿನಂಥ ಹೊಲಿಗೆ. "ನಿಮ್ಮಮ್ಮಂಗೆ ಕೊಡು, ಇನ್ನೂ ಉಡಬೋದು," ಎಂದಳು. ನಮ್ಮಮ್ಮ ಅದನ್ನು ನೆಲ ಒರೆಸಲು ಮತ್ತೆ ಬಳಸಲಿಲ್ಲ.

ಫೋಟೋದ ಕೆಳಗಿನ ಸಾಲು ಬರೆದದ್ದು ನಾನು. ಮೊದಲು 'ಕೂಲಿ ಮಾಡುತ್ತಿದ್ದ ಈಕೆ' ಎಂದು ಬರೆದಿದ್ದೆ. ತೂಕ ಸಾಲದು ಎಂದರು ದೊಡ್ಡ ಸಾರ್. ತೂಕ ಹಾಕಿದೆ: 'ಅಂದು ಮನೆಮನೆ ತಿರುಗಿ ಭಿಕ್ಷೆ ಬೇಡುತ್ತಿದ್ದ ಈಕೆ ಇಂದು ಸ್ವಾವಲಂಬಿ.' ಅವಳು ಓದು ಬಾರದವಳು. ಅದೇ ನನ್ನ ಧೈರ್ಯ.

ಕ್ಯಾಲೆಂಡರು ಹೆಚ್ಚು ಅಚ್ಚಾಗಿ ಉಳಿದವು. ರಾಹುಕಾಲ, ಅಮಾವಾಸ್ಯೆ, ಹಬ್ಬ ಎಲ್ಲ ಇರುವ ಕ್ಯಾಲೆಂಡರು ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ? ದೂರದವರಿಗೆ ಎಂದಿದ್ದ ನಾನೇ, ಜನವರಿಯಲ್ಲಿ ಬೇತಮಂಗಲ ಕಡೆಯ ಹಾಲಿನ ಡೈರಿಗಳಿಗೆ ಒಂದೊಂದು ಕಟ್ಟು ಕೊಟ್ಟು ಬಂದೆ. ಹಾಲು ಹಾಕಲು ಬಂದವರೆಲ್ಲ ಒಂದೊಂದು ಒಯ್ದರು. ಗೋಡೆಗಳ ಮೇಲೆ ಜನವರಿ ತಿಂಗಳಿನ ಹೆಂಗಸು ಹೊಲಿಗೆ ಯಂತ್ರದ ಮುಂದೆ ನಗುತ್ತಿದ್ದಳು. ನನ್ನ ಹೆಂಗಸು ಮಾರ್ಚಿನಲ್ಲಿದ್ದಳು.

ಫೆಬ್ರವರಿಯಲ್ಲಿ ಅವಳು ನನ್ನ ಆಫೀಸಿಗೆ ಬಂದಳು. ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ ಗಂಡು ಗೊತ್ತಾಗಿದೆ, ಹಸು, ಹೊಲ ಇರುವ ಮನೆ, ನಾಳೆ ಮನೆ ನೋಡಲು ಹೋಗಬೇಕು ಎಂದಳು. "ನಮ್ಮ ಕಡೆ ಗಂಡಸ್ರು ಅಂತ ಯಾರವ್ರೆ? ನೀನೇ ಬಾ ನಾಯ್ನಾ. ದೊಡ್ಡೋನಾಗಿ ಕೂತ್ಕೊ."

ಹೋದೆ. ನನಗಾಗಲೇ ಮೂವತ್ತನಾಲ್ಕು, ದೊಡ್ಡವನಾಗಿ ಚಾಪೆಯ ಮೇಲೆ ನಡುವೆ ಕೂತೆ. ಗಂಡಿನ ತಂದೆ ಒಳ್ಳೆಯ ಮನುಷ್ಯ. ಲೋಟ ತುಂಬಾ ಕಾಫಿ ಕೊಟ್ಟು, "ಉಡುಗೀ ತಾಯಿ ಒಬ್ಬಳೇ ಸಾಕವ್ಳೆ ಅಂತಾರೆ. ಎಂಗೆ ಜನ, ನೀವೇ ಏಳ್ಬೇಕು," ಎಂದ.

"ಒಂದು ದಿನವೂ ಯಾರ ಮುಂದೆಯೂ ಕೈ ಚಾಚಿದವರಲ್ಲ," ಎಂದೆ. ಹೇಳಿ ತಲೆ ಎತ್ತಿದರೆ ಅವನ ತಲೆಯ ಮೇಲೆ, ಗೋಡೆಯಲ್ಲಿ, ನಮ್ಮ ಕ್ಯಾಲೆಂಡರು.

ಮೇಲೆ ದೇವರ ಚಿತ್ರ, ಕೆಳಗೆ ಫೆಬ್ರವರಿ. ಆ ಹಾಳೆಯ ಅಡಿಯಲ್ಲಿ ಏನಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಪಕ್ಕದಲ್ಲಿ ಅವಳು ಹಸಿರು ಸೀರೆಯ ಸೆರಗು ಹೊದ್ದು ಕೂತಿದ್ದಳು. ಬೀಜದ ಸದ್ದಿಲ್ಲ, ಅಪರೂಪಕ್ಕೆ ಮುಖ ಸಡಿಲವಾಗಿತ್ತು. ಎದ್ದು ಹೋಗಿ ಒಂದು ಹಾಳೆ ಹರಿದು ಜೇಬಿಗೆ ಹಾಕಿಕೊಂಡಿದ್ದರೆ ಮುಗಿದಿತ್ತು. ಶುಭ ಕಾರ್ಯಕ್ಕೆ ಬಂದವನು ದೇವರಿರುವ ಕ್ಯಾಲೆಂಡರು ಹರಿದರೆ ಅಪಶಕುನ ಅಂದಾರು, ಅಂದುಕೊಂಡೆ. ಮುಂದಿನ ತಿಂಗಳಿನದನ್ನು ಯಾರು ನೋಡುತ್ತಾರೆ, ನೋಡಿದರೂ ಗುರುತು ಸಿಗಲಿಕ್ಕಿಲ್ಲ, ಸಿಕ್ಕರೂ ಕೆಳಗಿನ ಸಾಲು ಓದಲಿಕ್ಕಿಲ್ಲ, ಅಂದುಕೊಂಡೆ. ಒಬ್ಬಟ್ಟು ಬಡಿಸಿದರು. ಥೂ, ಎರಡನೆಯದನ್ನೂ ಹಾಕಿಸಿಕೊಂಡು ತಿಂದೆ.

ಮಾರ್ಚ್ ಒಂದನೇ ತಾರೀಕು ಹಾಳೆ ತಿರುಗಿತು. ಮೂರನೇ ತಾರೀಕಿಗೆ ಹೇಳಿಕಳಿಸಿದರು: ತಿರುಪೆ ಎತ್ತಿದವರ ಮನೆಯ ಹೆಣ್ಣು ಬೇಡ, ಎತ್ತಿದ್ದಕ್ಕಿಂತ, ಎತ್ತಿಲ್ಲ ಎಂದು ಮನೆಗೆ ಬಂದು ಸುಳ್ಳು ಹೇಳಿದರಲ್ಲ, ಅದಕ್ಕೆ ಬೇಡ.

ಮಾರನೆಯ ದಿನ ಅವಳು ರಾಬರ್ಟ್‌ಸನ್‌ಪೇಟೆಯ ಆಫೀಸಿಗೆ ಬಂದಳು. ಕೂಗಾಡಲಿಲ್ಲ. ಕ್ಯಾಲೆಂಡರನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ಬಿರಿದ ಬೆರಳನ್ನು ಅಕ್ಷರಗಳ ಮೇಲಿಟ್ಟಳು.

"ಓದು ನಾಯ್ನಾ."

ಹೆಸರು ಓದಿದೆ. ಊರು ಓದಿದೆ. "ಈಕೆ ಇಂದು ಸ್ವಾವಲಂಬಿ," ಎಂದು ಓದಿದೆ.

ಕಟಕ್.

"ನಡುವೆ ಬಿಟ್ಟೆ. ಮಗಳು ಓದಿ ಏಳವ್ಳೆ. ನಿನ್ ಬಾಯಿಂದ ಕೇಳನಾ ಅಂತ ಬಂದೆ."

ಓದಿದೆ. ಕೇಳಿಸಿಕೊಂಡಳು.

"ಯಾರ್ ಮನೆ ಮುಂದೆ ಬೇಡ್ದೆ? ಒಂದ್ ಮನೆ ತೋರ್ಸು."

ಅವಳು ಕ್ಯಾಲೆಂಡರು ಸುರುಳಿ ಸುತ್ತಿದಳು. "ಸರಿ ಬಿಡು. ನನ್ ಮಾನ ಓಗ್ಲಿ. ಮಗೀದು ಉಳ್ಸು. ನಾಳೆ ಬೇತಮಂಗಲಕ್ಕೆ ಬಾ. ಆ ಮನೆಯೋರ್ ಮುಂದೆ ನಿಂತು, ಈ ಮಾತು ನಾನು ಕಟ್ಟಿ ಬರ್ದಿದ್ದು ಅಂತ ಒಂದ್ಸಲ ಏಳು. ನಿನ್ ಮಾತು ಅವ್ರು ನಂಬ್ತಾರೆ. ನಾನು ಇನ್ನೇನೂ ಕೇಳಕಿಲ್ಲ."

"ನಾಳೆ ಬರ್ತೀನಮ್ಮ. ಬಸ್ ಸ್ಟ್ಯಾಂಡಿನಲ್ಲಿರಿ," ಎಂದೆ.

ದೊಡ್ಡ ಸಾರ್ ಬಾಗಿಲು ಹಾಕಿ ಮಾತಾಡಿದರು. ಒಂದು ಸಾಲು ಸುಳ್ಳೆಂದು ನಾವೇ ಒಪ್ಪಿಕೊಂಡರೆ ಹನ್ನೆರಡೂ ಹೆಂಗಸರದು ಸುಳ್ಳಾಗುತ್ತದೆ, ಸಂಸ್ಥೆ ಮುಚ್ಚುತ್ತದೆ, ನಿನ್ನ ಕೆಲಸವೂ ಹೋಗುತ್ತದೆ ಎಂದರು. ಹೆದರಿಸಿದರು ಎನ್ನಲಾರೆ, ನಾನು ಹೆದರಲು ಕಾರಣ ಹುಡುಕುತ್ತಿದ್ದೆ, ಅವರು ಕೊಟ್ಟರು. ಮಾರನೆಯ ದಿನ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ, ಇಲ್ಲದ ಕೆಲಸವೊಂದಕ್ಕೆ ಹೋದೆ. ಅವಳು ಬೆಳಗಿನ ಮೊದಲ ಬಸ್ಸಿನಿಂದ ಸಂಜೆಯ ಕೊನೆಯ ಬಸ್ಸಿನವರೆಗೂ ಬೇತಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳಂತೆ. ಬಸ್ಸು ಬಂದಾಗಲೆಲ್ಲ ಎದ್ದು ನಿಂತು ಇಳಿಯುವವರ ಮುಖ ನೋಡಿದಳಂತೆ. ಅಲ್ಲಿನ ಟೀ ಅಂಗಡಿಯವನು ಇದನ್ನು ನನಗೆ ಹೇಳಿದಾಗ ನಗುತ್ತಿದ್ದ, ಯಾರೋ ತಲೆಕೆಟ್ಟ ಹೆಂಗಸು ಎಂದು.

ಆ ಇಬ್ಬರು ಹೆಂಗಸರಿಗೆ ಮರ ಮಂಜೂರಾಯಿತು. ಆ ಮಾತು ಮಾತ್ರ ನಡೆಯಿತು. ಸಂಸ್ಥೆ ಎರಡು ವರ್ಷದಲ್ಲಿ ತಾನಾಗಿಯೇ ಮುಚ್ಚಿತು. ಅವಳ ಮಗಳಿಗೆ ಮತ್ತೆ ಗಂಡು ಬರಲಿಲ್ಲ. ಬಂದ ಒಂದಿಬ್ಬರು ಬೇತಮಂಗಲದ ಕಡೆ ವಿಚಾರಿಸಿ ಸುಮ್ಮನಾದರು. ತಾಯಿ ಮಗಳು ಹನ್ನೊಂದು ಮರ ಗುತ್ತಿಗೆ ಹಿಡಿದರು. ಒಂದು ಸಲ ಬಂಗಾರಪೇಟೆಯ ಸಂತೆಯಲ್ಲಿ ಎದುರಾದೆ. ಅವಳು ನನ್ನ ಆಚೆಗಿದ್ದ ಗಿರಾಕಿಯನ್ನು ಕರೆದಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಇರಲಿ. ಆ ಹಾಳೆ ನನ್ನ ಬೀರುವಿನಲ್ಲಿತ್ತು. ಇಟ್ಟುಕೊಂಡಿರುತ್ತೇನೆ ಎಂದು ಅವಳಿಗೆ ಹೇಗೆ ಗೊತ್ತಾಯಿತೋ. ತಿಥಿಗೆ ಎರಡು ದಿನ ಮುಂಚೆ ಪೇಟೆಯ ಸ್ಟುಡಿಯೋಗೆ ಕೊಟ್ಟೆ. ಸತ್ತವರಿಗೆ ಸೀರೆ ಉಡಿಸುವುದು, ಕೋಟು ತೊಡಿಸುವುದು ಅವನಿಗೆ ದಿನನಿತ್ಯದ ಕೆಲಸ. ಕೆಂಪು ರೇಷ್ಮೆ ಸೀರೆ, ಕೊರಳಿಗೆ ಸರ ಹಾಕಿದ.

"ಮುಖ ರೊಂಬ ಕೋಪ ಇದೆ ಸಾರ್. ಕೆನ್ನೆ ಬೇರೆ ಊದಿದೆ. ಸರಿ ಮಾಡಿ ಸ್ವಲ್ಪ ನಗಿಸಲಾ? ಈಗ ಎಲ್ಲಾ ಆಗುತ್ತೆ."

"ನಗಿಸು," ಎಂದೆ. ಆ ನೋಟ ಹೋದರೆ ಸಾಕಾಗಿತ್ತು ನನಗೆ.

ಸೋಮವಾರ ಕಟ್ಟು ಹಾಕಿಸಿದ ಫೋಟೋ ಹಿಡಿದು ಅವರ ಮನೆ ಬಾಗಿಲಲ್ಲಿ ನಿಂತೆ. ನಲವತ್ತು ಜನ ನೆಂಟರು, ಊರವರು ಸೇರಿದ್ದರು. ಆ ಇಬ್ಬರು ಹೆಂಗಸರು ಒಲೆಯ ಹತ್ತಿರವಿದ್ದರು. ಮಗಳು ಕೈಯೊರೆಸಿಕೊಂಡು ಬಂದು ಕಾಗದ ಬಿಚ್ಚಿದಳು. ರೇಷ್ಮೆ ಸೀರೆಯನ್ನೂ ನಗುವನ್ನೂ ಬಹಳ ಹೊತ್ತು ನೋಡಿದಳು.

"ಚೆಂದಾಗೈತೆ ಸಾರ್," ಎಂದಳು. "ಯಾರ್ದು?"

ಯಾರೋ ಕೆಮ್ಮಿದರು. ಅವಳು ಫೋಟೋವನ್ನು ಗೋಡೆಗೆ ಮುಖ ಮಾಡಿ ಒರಗಿಸಿದಳು. "ನಮ್ಮಮ್ಮನ್ ಬಾಯಲ್ಲಿ ಬೀಜ ಇರ್ತಿತ್ತು. ನಿಮ್ಮನ್ನ ನೋಡಿ ಅವ್ಳು ಯಾವತ್ತು ಇಂಗೆ ನಕ್ಕಿದ್ಲು? ಇದ್ದಂಗೆ ತನ್ನಿ. ಅರಕು ಸೀರೇನೇ ಇರ್ಲಿ."

"ನಾಳೆ ತಂದುಕೊಡ್ತೀನಮ್ಮ."

"ನಾಳೆ ಅಂದ್ರೆ ನಮ್ಮನೇಲಿ ಯಾರೂ ಕಾಯಲ್ಲ ಸಾರ್. ಇವತ್ತು. ಫೋಟೋ ಬಂದ್ಮೇಲೇನೇ ಎಡೆ ಇಡೋದು. ಅಲ್ಲೀಗಂಟ ಯಾರೂ ಉಣ್ಣಲ್ಲ."

ಸ್ಕೂಟರಿನಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋದೆ. ಇದ್ದ ಹಾಗೇ ಹಾಕಿಕೊಡು ಎಂದೆ. ಸ್ಟುಡಿಯೋದವನು 'ಅಂದು' ಅನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿದ. ಕೆಳಗಿನ ಸಾಲಿನ ಮೇಲೆ ಬಾಣದ ಗುರುತು ತಂದು ನಿಲ್ಲಿಸಿ, "ಇದು ಬೇಕಾ?" ಎಂದು ಕೇಳಿದ. ಬೇಡ ಎಂದೆ. ಅಳಿಸಿದ.

ತಿರುಗಿ ಬಂದಾಗ ಹೊತ್ತು ಇಳಿಯುತ್ತಿತ್ತು. ನಲವತ್ತು ಜನವೂ ಹಸಿದ ಮುಖಗಳನ್ನು ನನ್ನತ್ತ ತಿರುಗಿಸಿದರು. ಮಗಳು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಊದಿದ ಕೆನ್ನೆ, ಹರಕು ಸೀರೆ, ಆ ನೋಟ. "ಅಮ್ಮಾ," ಎಂದಳು, ಅಷ್ಟೇ. ತುಟಿ ಕಚ್ಚಿಕೊಂಡು ಮೊಳೆಗೆ ತೂಗುಹಾಕಿ, ಹಾರ ಹಾಕಿ, ಫೋಟೋದ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದಳು. ಅವಳ ಬೆರಳುಗಳೂ ಕರ್ರಗೆ ಬಿರಿದಿದ್ದವು.

"ಇಲ್ಲೊಂದ್ ಸಾಲು ಇತ್ತಲ್ಲ ಸಾರ್."

"ತೆಗೆಸಿದೆನಮ್ಮ."

"ತೆಗ್ಸೋಕೆ ಎಷ್ಟೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

"ಒಂದು ನಿಮಿಷ," ಎಂದೆ.

ಅವಳು ತಲೆಯಾಡಿಸಿದಳು. ಎಡೆ ಇಟ್ಟಳು. ಆಮೇಲೆ ಎಲೆ ಹಾಕಲು ಹೇಳಿದಳು. ನನಗೂ ಒಂದು ಹಾಕಿಸಿದಳು, ಫೋಟೋದ ಎದುರಿಗೆ.